ರಘೋತ್ತಮರಾಯರ ಹನ್ನೆರಡು ಗಡ್ಡ

ಬೈಲಹೊಂಗಲದ ರಘೋತ್ತಮರಾಯರ ಟ್ರಂಕಿನಲ್ಲಿ ಹನ್ನೆರಡು ಗಡ್ಡಗಳಿವೆ. ಸಾಧುವಿನ ಎದೆಯುದ್ದದ್ದು, ಸಾಹುಕಾರನ ಗಿಡ್ಡನೆಯದು, ಅರ್ಧ ನರೆತದ್ದು, ಪೂರಾ ಬಿಳಿಯದು. ನಾಟಕ ಕಂಪನಿ ಮುಚ್ಚಿ ಮೂವತ್ತು ವರ್ಷವಾದರೂ ರಾಯರು ತಿಂಗಳಿಗೊಮ್ಮೆ ಅವನ್ನು ನೆರಳಲ್ಲಿ ಹರವಿ, ಬಾಚಿ, ಮತ್ತೆ ಗಂಟು ಕಟ್ಟಿಡುತ್ತಾರೆ. "ನಿಮ್ಮ ತಲಿ ಒಮ್ಮೆರೆ ಹಿಂಗ ಬಾಚ್ಕೊಂಡೀರೇನ್ರಿ?" ಎಂದು ಹೆಂಡತಿ ನರ್ಮದಾಬಾಯಿ ಅಡಿಗೆಮನೆಯಿಂದಲೇ ಚುಚ್ಚುತ್ತಾರೆ. ಎಂಬತ್ತೊಂದರ ತಲೆಯಲ್ಲಿ ಬಾಚಲು ಏನುಳಿದಿದೆ ಹೇಳಿ!

ಗಡ್ಡದ ಕಥೆ ಶುರುವಾದದ್ದು ರಾಮದುರ್ಗದಲ್ಲಿ. ತಂದೆ ಪಂಚಾಂಗ ಹೇಳುವವರು, ಸಿಟ್ಟಿಗೆ ಊರಲ್ಲೆಲ್ಲ ಹೆಸರಾದವರು. ಇಪ್ಪತ್ತೊಂದರ ಮಗ ನಾಟಕ ಕಂಪನಿ ಸೇರುತ್ತೇನೆ ಎಂದಾಗ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ತೆಗೆದು, ಒರೆಸಿ, "ಹೋಗು. ಆದ್ರ ನಮ್ಮ ಮನಿತನದ ಮಾರಿ ಮಂದಿ ಮುಂದ ತೋರಸಬ್ಯಾಡ. ಅಷ್ಟು ಮಾತು ಕೊಟ್ಟು ಹೋಗು" ಎಂದರು. ರಂಗದ ಮೇಲೆ ಮುಖ ತೋರಿಸುವುದಿಲ್ಲ ಎಂದು ಮಗ ಮಾತು ಕೊಟ್ಟ.

ಬೇರೆ ಯಾರಾದರೂ ಆಗಿದ್ದರೆ ಊರು ದಾಟುವ ಮೊದಲೇ ಮರೆಯುತ್ತಿದ್ದರು. ಈ ಪುಣ್ಯಾತ್ಮ ಮರೆಯಲಿಲ್ಲ. ಲಕ್ಷಣವಾಗಿದ್ದ ಹುಡುಗನೆಂದು ಮಾಲೀಕರು ಹೀರೋ ಪಾರ್ಟು ಕೊಡಲು ಬಂದರೆ ಒಲ್ಲೆ ಎಂದು ಗಡ್ಡ ಹಚ್ಚಿಕೊಂಡು ಕುಳಿತ. ಇಪ್ಪತ್ತೆರಡಕ್ಕೇ ಮುದುಕನಾದ. ಆಮೇಲೆ ಮದ್ರಾಸಿಗೆ ಹೋಗಿ ಒಂಬತ್ತು ಸಿನಿಮಾ ಮಾಡಿದ: ಫಕೀರ, ನಾಟಿ ವೈದ್ಯ, ಕಾಡಿನ ಋಷಿ. ಒಂದರಲ್ಲಾದರೂ ಗಲ್ಲ ಕಂಡಿದ್ದರೆ ಕೇಳಿ.

ಒಮ್ಮೆ ರಾಯರು ನೇಸರಗಿಯಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿದ್ದ ಸಂಗಪ್ಪ ಎಂಬ ರೈತ ಹಿಂದಿನ ದಿನದ ನಾಟಕದ ಮಾತು ತೆಗೆದ. "ಆ ಸಾವಕಾರ ಎಂಥಾ ಹರಾಮಖೋರ ಅಂತೀರಿ! ಎದ್ದು ಹೋಗಿ ನಾಕು ಬಿಗೀಬೇಕು ಅನಸ್ತು ನೋಡ್ರಿ." ಆ ಸಾಹುಕಾರ ಪಕ್ಕದಲ್ಲೇ ಕುಳಿತು, "ಹೌದ್ರಿ, ಭಾಳ ಕೆಟ್ಟ ಮನಷ್ಯಾ" ಎಂದು ತಲೆಯಾಡಿಸಿದರು. ಮನೆಗೆ ಬಂದು ಇದನ್ನು ನಗುನಗುತ್ತ ಹೇಳಿದರು. ಆದರೆ ಅಂದು ಊಟ ಸೇರಲಿಲ್ಲ.

ಈ ವರ್ಷ ಧಾರವಾಡದ ಗೌತಮಿ ಎಂಬ ಹೊಸ ನಿರ್ದೇಶಕಿ ಹಳೇ ಕಲಾವಿದರನ್ನು ಕೇಳಿಕೊಂಡು ರಾಯರ ಮನೆಗೆ ಬಂದಳು. ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಮಗನಿಗಾಗಿ ಕಾಯುವ ತಂದೆಯ ಪಾತ್ರ. ಮಾತಿಲ್ಲ, ಬಸ್ಸಿನಿಂದ ಇಳಿಯುವವರಲ್ಲಿ ಮಗನನ್ನು ಹುಡುಕಬೇಕು, ಅಷ್ಟೇ. ರಾಯರು ಮೊಣಕಾಲು ನೋವು ಮರೆತು ಎದ್ದು ಟ್ರಂಕು ತೆರೆದರು.

"ಅಜ್ಜಾರ, ಗಡ್ಡ ಬ್ಯಾಡ್ರಿ. ನನಗ ನಿಮ್ಮ ಮಾರಿನ ಬೇಕಾಗೇದ."

ರಾಯರ ಕೈ ಅಲ್ಲೇ ನಿಂತಿತು. "ಹಂಗಾದ್ರ ಬ್ಯಾರೆ ಯಾರನ್ನರೆ ನೋಡ್ಕೋವಾ."

"ನಾಡಿದ್ದ ಶೂಟಿಂಗ್ ಅದರಿ. ನಾಳೆ ಮುಂಜಾನಿ ತನಕ ವಿಚಾರ ಮಾಡ್ರಿ" ಎಂದು ಅವಳು ಹೋದಳು.

ರಾಯರು ತೆರೆದ ಟ್ರಂಕಿನ ಮುಂದೆ ಕುಳಿತೇ ಇದ್ದರು. ಮೂವತ್ತು ವರ್ಷದ ಮೇಲೆ ಬಂದ ಪಾತ್ರ. ಇನ್ನೊಂದು ಬರುವುದಿಲ್ಲ ಎಂದು ಅವರಿಗೆ ಗೊತ್ತು. ಆದರೆ ಕೊಟ್ಟ ಮಾತನ್ನು ಏನು ಮಾಡುವುದು?

ನರ್ಮದಾಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. "ಮಾವನವರಿಗೆ ಕೊಟ್ಟ ಮಾತಲ್ಲ ಅದು? ನಾನೂ ಅವರಿಗೊಂದು ಮಾತು ಕೊಟ್ಟೀನಿ. ಇವತ್ತ ಮುರೀತೀನಿ, ಕೇಳ್ರಿ."

ಐವತ್ತು ವರ್ಷದ ಹಿಂದೆ ಕಂಪನಿ ಸವದತ್ತಿಯಲ್ಲಿ ಬೀಡುಬಿಟ್ಟಾಗ ತಂದೆ ಯಾರಿಗೂ ಹೇಳದೆ ನಾಟಕಕ್ಕೆ ಬಂದಿದ್ದರಂತೆ. ನರ್ಮದಾಬಾಯಿ ಅಂದು ಮಂದಿಯ ನಡುವೆ ನಾಟಕ ನೋಡುತ್ತಿದ್ದರು.

"ಹಿಂದ ಕಂಬಕ್ಕ ಆತು ನಿಂತಿದ್ರು. ಪಂಚಾಯ್ತಿ ಸೀನು, ಐದು ಮಂದಿ ಗಡ್ಡದವರು. ಕನ್ನಡಕ ಒರಸ್ಕೋತ ನನ್ನ ಕೇಳಿದ್ರು, 'ಇದರಾಗ ನಮ್ಮ ರಘು ಯಾಂವ?' ನಾ ತೋರಿಸಿದ್ರೂ ಅವರಿಗೆ ಗುರ್ತು ಹತ್ತಲಿಲ್ಲ. 'ಮಗನ್ನ ನೋಡ್ಲಿಕ್ಕೆ ಬಂದೆ, ಗಡ್ಡ ನೋಡಿ ಹೊಂಟೆ' ಅಂದ್ರು. ಕಣ್ಣಾಗ ನೀರಿತ್ತು. 'ನಾ ಬಂದದ್ದು ಅವಗ ಹೇಳಬ್ಯಾಡ' ಅಂತ ಆಣಿ ಹಾಕಿಸ್ಕೊಂಡು ಹ್ವಾದ್ರು."

ಆ ವರ್ಷದ ದೀಪಾವಳಿಗೆ ತಂದೆ ಬದುಕಿರಲಿಲ್ಲ. ಇದು ರಾಯರಿಗೂ ನೆನಪಿದೆ.

"ಇಷ್ಟು ದಿನಾ ಯಾಕ ಹೇಳಲಿಲ್ಲ ನೀ?" ಎಂದರು ರಾಯರು.

"ನೀವು ಮಾತು ಉಳಿಸ್ಕೊಂಡ್ರಿ, ನಾನೂ ಉಳಿಸ್ಕೊಂಡೆ. ಇಬ್ಬರೂ ಹುಚ್ಚರು!" ಎಂದು ನರ್ಮದಾಬಾಯಿ ಲಟ್ಟಣಿಗೆ ಕೆಳಗಿಟ್ಟು ಅತ್ತುಬಿಟ್ಟರು.

ರಾಯರು ಟ್ರಂಕು ಮುಚ್ಚಿ ಕ್ಷೌರಕ್ಕೆ ಹೋದರು.

ಕಿತ್ತೂರಿನಲ್ಲಿ ಬಿಸಿಲು ಏರುವ ಹೊತ್ತಿಗೆ ಬಸ್ಸು ಬಂದು ನಿಂತಿತು. ಮೊದಲ ಸಲ ರಾಯರು ಹಳೇ ರೂಢಿಯಂತೆ ಕಡೇ ಸಾಲಿನವರಿಗೂ ಕಾಣಲೆಂದು ಕೈ ಎತ್ತಿ, ಎದೆ ಬಡಿದುಕೊಂಡರು. ಗೌತಮಿ ನಿಲ್ಲಿಸಿದಳು. "ಅಜ್ಜಾರ, ಏನೂ ಮಾಡಬ್ಯಾಡ್ರಿ. ಬರೇ ಹುಡುಕ್ರಿ."

ಕ್ಯಾಮೆರಾದ ಮುಂದೆ ಬರಿಮುಖಕ್ಕೆ ಗಾಳಿ ತಾಗಿ ರಾಯರಿಗೆ ನಾಚಿಕೆಯಾಗಿತ್ತು, ಮೈಮೇಲೆ ಬಟ್ಟೆಯಿಲ್ಲದಂತೆ. ಎರಡನೆಯ ಸಲ ಅವರು ಹೋಗಿ ಕಂಬಕ್ಕೆ ಆತು ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಇಳಿಯುವ ಒಬ್ಬೊಬ್ಬರನ್ನೂ ಕತ್ತು ಚಾಚಿ ನೋಡಿದರು. ಇದರಾಗ ನಮ್ಮಾಂವ ಯಾಂವ? ಬಸ್ಸು ಖಾಲಿಯಾಯಿತು. ಅವರು ಮತ್ತೆ ಕನ್ನಡಕ ಒರೆಸಿದರು. ಗೌತಮಿ ನಿಲ್ಲಿಸಲೇ ಇಲ್ಲ.

ಆಮೇಲೆ ಅವಳು ತೆಗೆದದ್ದನ್ನು ಸಣ್ಣ ಪರದೆಯ ಮೇಲೆ ತೋರಿಸಿದಳು. ಜೊತೆಗೆ ಬಂದಿದ್ದ ನರ್ಮದಾಬಾಯಿ ಬಗ್ಗಿ ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯ, ಮಾವನವರು!"

ಹೌದು. ಅದೇ ಹಣೆ, ಅದೇ ಒಣಗಿದ ಗಲ್ಲ. ಅರವತ್ತು ವರ್ಷ ನೋಡುಗರಿಂದ ಮುಚ್ಚಿಟ್ಟ ಮುಖ ಯಾವಾಗಲೋ ತಂದೆಯ ಮುಖವೇ ಆಗಿತ್ತು. ಪರದೆಯಲ್ಲಿ ಕಂಬದ ಹತ್ತಿರ ನಿಂತು ತಂದೆ ನೇರವಾಗಿ ರಾಯರನ್ನೇ ನೋಡುತ್ತಿದ್ದರು. ರಾಯರ ಕಣ್ಣೀರು ಗಲ್ಲದ ಮೇಲೆ ಇಳಿಯಿತು, ಹೀರಿಕೊಳ್ಳಲು ಗಡ್ಡವಿರಲಿಲ್ಲ.

ಗೌತಮಿ ಗಾಬರಿಯಾದಳು. "ಅಜ್ಜಾರ, ಬಂದ್ ಮಾಡ್ಲೇನ್ರಿ?"

"ಬ್ಯಾಡವಾ" ಎಂದರು ರಾಯರು, ಮುಖ ಒರೆಸಿಕೊಳ್ಳದೆ ಪರದೆಗೆ ಇನ್ನಷ್ಟು ಹತ್ತಿರ ಸರಿದು. "ಇನ್ನೊಮ್ಮೆ ಹಚ್ಚು. ನಮ್ಮಪ್ಪ ಸಾವಕಾಶ ನೋಡ್ಲಿ."