ನಾನು ಕೆಡವಿದ ಹೂ

ಅಕ್ಕನ ಮದುವೆಗೆ ದೇವರು ಒಪ್ಪಿಗೆ ಕೊಟ್ಟಿರಲಿಲ್ಲ. ಕೊಟ್ಟವಳು ನಾನು. ಇಪ್ಪತ್ತೆರಡು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.

ನಮ್ಮದು ಸಿಂಧನೂರಿನಲ್ಲಿ ಕಿರಾಣಿ ಅಂಗಡಿಯ ಮನೆತನ. ಮನೆದೇವರ ಗುಡಿ ಇರುವುದು ಮಸ್ಕಿಯ ಆಚೆ, ಹೊಲಗಳ ನಡುವೆ. ಮನೆಯಲ್ಲಿ ಏನೇ ದೊಡ್ಡ ಕೆಲಸವಿರಲಿ, ಅಪ್ಪ ಅಲ್ಲಿಗೆ ಹೋಗಿ ಹೂ ಕೇಳಬೇಕು. ಪೂಜಾರಿ ಅಜ್ಜ ಲಿಂಗದ ಎರಡೂ ಬದಿಗೆ ಒದ್ದೆ ಮಾಡಿದ ಕಣಗಿಲ ಹೂ ಅಂಟಿಸುತ್ತಿದ್ದರು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ಮುಂದಿನ ಸೋಮವಾರ ಮತ್ತೆ ಬಂದು ಕೂಡಬೇಕು. ಹೀಗೆ ಕಾದು ಕೂಡುವುದೇ ನನಗೆ ಆಗದ ಕೆಲಸ. ಅನ್ನ ಬೇಯುವ ಮೊದಲೇ ತಾಟು ಹಿಡಿದು ಬರುವವಳು ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು.

ಅಕ್ಕ ಡಿ.ಎಡ್. ಮುಗಿಸಿ ಶಿಕ್ಷಕರ ನೇಮಕದ ಪಟ್ಟಿಗೆ ಕಾಯುತ್ತಿದ್ದಳು. ಆಗ ಲಿಂಗಸುಗೂರು ಕಡೆಯ ಗುರುಗುಂಟಾದಿಂದ ಸಂಬಂಧ ಬಂತು. ಹೊಲ, ಕುರಿ, ದೊಡ್ಡ ಮನೆ ಎಲ್ಲಾ ಇತ್ತು, ಆದರೆ ಸೊಸೆ ನೌಕರಿಗೆ ಹೋಗುವುದು ಬೇಡ ಎಂದರು. ಅಕ್ಕನನ್ನು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಎರಡು ಸೋಮವಾರ ಹೂ ಬೀಳಲಿಲ್ಲ. ಮೂರನೆಯ ಸಲವೂ ಬೀಳದಿದ್ದರೆ ಈ ಸಂಬಂಧ ಬಿಟ್ಟುಬಿಡೋಣ ಎಂದು ಅಪ್ಪ ಹೇಳಿದ.

ನನ್ನನ್ನು ನೋಡಿ ಒಪ್ಪಿದವರು ಸಿಂಧನೂರಿನಲ್ಲೇ ಇದ್ದರು, ದೀಪಾವಳಿಯವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಹಿರಿಯಳಿಗೆ ಆಗದೆ ಕಿರಿಯಳಿಗೆ ಆಗುವಂತಿಲ್ಲ. ನನಗೆ ಆ ಹುಡುಗ ಬೇಕೇ ಬೇಕಾಗಿತ್ತು. ಇದರಲ್ಲಿ ಮುಚ್ಚುಮರೆ ಏನು?

ಮೂರನೆಯ ಸೋಮವಾರ ಒಂದು ತಾಸು ಕೂತೆವು. ಅಪ್ಪ, ಅವ್ವ, ಅಕ್ಕ ಕಣ್ಣು ಮುಚ್ಚಿದ್ದರು. ಅಜ್ಜ ನೀರು ತರಲು ಹೊರಗೆ ಹೋಗುತ್ತಾ ಲಿಂಗದ ಪಕ್ಕದ ದೀಪ ನೋಡಿಕೋ ಎಂದು ನನಗೆ ಹೇಳಿಹೋದರು. ಬತ್ತಿ ಮುಂದೆ ಮಾಡುವ ಕಡ್ಡಿ ಕೈಯಲ್ಲಿತ್ತು. ಅದೇ ಕಡ್ಡಿಯಿಂದ ಬಲಗಡೆಯ ಹೂವನ್ನು ದೂಡಿದೆ. ಅದು ಸುಲಭವಾಗಿ ಬೀಳಲಿಲ್ಲ, ಎರಡು ಸಲ ದೂಡಬೇಕಾಯಿತು. ಬಿದ್ದ ಮೇಲೆ ನಾನೇ ಎಲ್ಲರನ್ನೂ ಕರೆದು ತೋರಿಸಿದೆ.

ಅಕ್ಕನ ಮದುವೆಯಾಗಿ ಮೂರು ತಿಂಗಳಿಗೆ ನೌಕರಿಯ ಆದೇಶ ಬಂತು. ಅವಳ ಮಾವ ಅದನ್ನು ಓದಿ, ಮಡಚಿ, ಟ್ರಂಕಿನಲ್ಲಿಟ್ಟರಂತೆ. ಭಾವ ಕೆಟ್ಟವರಲ್ಲ, ಅಕ್ಕ ಎಂದೂ ದೂರಿದವಳೂ ಅಲ್ಲ. ಸಂಜೆ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮಗ್ಗಿ ಹೇಳಿಕೊಡುತ್ತಾಳೆ. ಅದನ್ನು ನೋಡಲಾರದೆ ನಾನು ಗುರುಗುಂಟಾಕ್ಕೆ ಹೋಗುವುದನ್ನೇ ಕಡಿಮೆ ಮಾಡಿದೆ. ನನ್ನ ಮದುವೆ ದೀಪಾವಳಿಗೆ ಮೊದಲೇ ಆಯಿತು. ಗಂಡ ಬಹಳ ಒಳ್ಳೆಯವರು, ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಈ ವರ್ಷ ನನ್ನ ಮಗಳಿಗೆ ಒಂದು ಸಂಬಂಧ ಬಂತು. ಅವಳು ಪರೀಕ್ಷೆಗೆ ಓದುತ್ತಿದ್ದಾಳೆ. ಈಗ ಮದುವೆಯೋ ಆಮೇಲೆಯೋ ಎಂಬ ಮಾತು ಎದ್ದಾಗ, ಹೂ ಕೇಳೋಣ ನಡಿ ಎಂದು ಅಕ್ಕನೇ ಬಂದಳು. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಮೂವರೂ ಹೋದೆವು. ಒಂದು ತಾಸಾದರೂ ಹೂ ಅಲುಗಲಿಲ್ಲ. ಎಷ್ಟು ಬೇಡಿದರೂ ದೇವರು ಸುಮ್ಮನೇ ಇರುತ್ತಾನೆ ಎಂದು ಮಗಳು ಗೊಣಗಿದಳು. ಅಕ್ಕ ಅವಳ ತೊಡೆಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದಳು:

"ನನ್ನ ಮದುವಿ ಹೂ ಬೀಳಬಾರದು ಅಂತ ಇಲ್ಲೇ ಕುಂತು ಬೇಡ್ಕೊಂಡಿದ್ದೆ ಬೇ. ಬಿತ್ತು. ಎರಡು ವರ್ಷ ಈ ದೇವರ ಮಾರಿ ನೋಡ್ಲಿಲ್ಲ. ಆಮ್ಯಾಲ, ಅಂವಗ ಏನೋ ಕಂಡಿರಬೇಕು, ನನ್ನ ಪಾಳಿ ಬಂದಾಗ ಕೊಡ್ತಾನ ಅಂತ ಸುಮ್ಮನಾದೆ. ಇನ್ನಾ ಕಾಯಾಕತ್ತೀನಿ."

ಬೀಳಬಾರದು ಎಂದು ಬೇಡಿಕೊಂಡಿದ್ದಳೆ? ನನಗೆ ಅದು ಆವತ್ತಿನವರೆಗೂ ಗೊತ್ತಿರಲಿಲ್ಲ. ಅವಳೂ ಹೂ ಬೀಳಲಿ ಎಂದೇ ಕೂತಿದ್ದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇಷ್ಟು ವರ್ಷ ಉಂಡು ಮಲಗಿದ್ದೆ.

ಹೊರಗೆ ಬಂದು ಮಗಳು ಟಂಟಂ ಆಟೋ ನಿಲ್ಲಿಸಲು ರಸ್ತೆಯ ಕಡೆ ಹೋದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ಹೂ ತಾನಾಗಿ ಬಿದ್ದಿಲ್ಲ. ದೀಪದ ಕಡ್ಡಿಲೆ ನಾನ ದೂಡೀನಿ. ನನ್ನ ಮದುವಿ ನಿಲ್ತೈತಿ ಅಂತ."

ಅಕ್ಕ ನನ್ನ ಮುಖ ನೋಡಲಿಲ್ಲ. ಎದುರಿನ ಜೋಳದ ಹೊಲ ನೋಡುತ್ತಲೇ ಒಂದೇ ಒಂದು ಮಾತು ಕೇಳಿದಳು.

"ನೀ ದೂಡದಿದ್ರ ಬೀಳ್ತಿತ್ತೇನು?"

"ಇಲ್ಲ. ಗಟ್ಟಿ ಹಿಡಕೊಂಡಿತ್ತು."

"ಹಂಗಾದ್ರ ಅಂವ ನನ್ನ ಮಾತು ಕೇಳಿದ್ದ."

ಅವಳ ಕಣ್ಣಲ್ಲಿ ನೀರು ಬಂತು. ಬೈಯಿ, ಎರಡು ಏಟಾದರೂ ಹೊಡಿ ಎಂದು ಅವಳ ಕೈ ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಂಡು ಎದ್ದು, ಸೆರಗು ಸರಿಮಾಡಿಕೊಂಡಳು.

"ನಿನ್ನ ಬೈಯೋದು ಇದ್ದ ಐತಿ. ಮೊದಲ ಒಳಗ ಹೋಗಿ ತಪ್ಪಾತು ಅಂತ ಹೇಳಿ ಬರ್ತೀನಿ. ಇಷ್ಟು ವರ್ಷ ಮನಸಿನ್ಯಾಗ ಅಂವಗ ಕಿವುಡ ಅಂದೀನಿ."

ಅವಳು ಹೊಸ್ತಿಲು ಮುಟ್ಟಿ ಒಳಗೆ ಹೋದಳು. ಹೋಗಬೇಕಾದವಳು ನಾನು, ಮೆಟ್ಟಿಲ ಮೇಲೆಯೇ ಕೂತಿದ್ದೆ. ಮಗಳು ಟಂಟಂ ನಿಲ್ಲಿಸಿ ಓಡಿಬಂದು ದೊಡ್ಡವ್ವ ಎಲ್ಲಿ ಎಂದಳು. ದೇವರಿಗೆ ತಪ್ಪಾಯಿತೆಂದು ಹೇಳಲು ಹೋಗಿದ್ದಾಳೆ ಎಂದೆ.

"ದೊಡ್ಡವ್ವ ಏನ್ ತಪ್ಪು ಮಾಡ್ಯಾಳ?" ಎಂದು ಮಗಳು ಕೇಳಿದಳು.