ಬೀರುವಿನ ಕೆಳತುದಿ

ನಾವು ಮನೆ ಸಾಮಾನು ಸಾಗಿಸುವವರು. ಬೀರು ಮೆಟ್ಟಿಲು ಇಳಿಯುವಾಗ ಭಾರವೆಲ್ಲ ಕೆಳಗೆ ಹಿಡಿದವನ ಮೇಲೆಯೇ ಬೀಳುತ್ತದೆ. ಹತ್ತೊಂಬತ್ತು ವರ್ಷ ಆ ಕೆಳತುದಿ ಹಿಡಿದವರು ನನ್ನ ಅಕ್ಕನ ಗಂಡ. ಮೇಲ್ತುದಿ ನನ್ನದು. ಗೋಡೌನಿನವರೆಲ್ಲ ಭಾವನನ್ನು ಬೀರಣ್ಣ ಎಂದೇ ಕರೆಯುತ್ತಿದ್ದರು.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ: ಗಿರಾಕಿಯ ಮನೆಯಲ್ಲಿ ಬಾತ್‌ರೂಮ್ ಕೇಳಬಾರದು. ಕೇಳಿದರೆ ಮುಖ ಸಿಂಡರಿಸುತ್ತಾರೆ ಎಂದು ನಮಗೆ ಕೆಲಸ ಕಲಿಸಿದವರು ಹೇಳಿದ್ದರು. ಬೆಳಗ್ಗೆ ಅರ್ಧ ಲೋಟ ನೀರು ಕುಡಿದು ಹೊರಟರೆ ಸಂಜೆಯವರೆಗೆ ತಡೆದುಕೊಂಡೇ ಇರುವುದು. ಈ ವಿದ್ಯೆಯಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ, ಅವರು ಅದನ್ನು ಬಿರುದಿನ ಹಾಗೆ ಹೇಳಿಕೊಳ್ಳುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಸೋಮವಾರ ಮೂರನೇ ಮಹಡಿಯಿಂದ ವಾಷಿಂಗ್ ಮಷಿನ್ ಇಳಿಸುತ್ತಿದ್ದೆವು. ತಿರುವಿನಲ್ಲಿ ಹೊರಳಿದಾಗ ಭಾವನ ಸೊಂಟ ಚಳಕ್ ಎಂದಿತು. ನೋವು ಎಡಗಾಲಿನ ಉದ್ದಕ್ಕೂ ಇಳಿಯಿತು. ಸೊಂಟನೋವು ನಮಗೆ ನೆಂಟನಿದ್ದ ಹಾಗೆ. ಬರುತ್ತದೆ, ನಾಲ್ಕು ದಿನ ಇದ್ದು ಹೋಗುತ್ತದೆ. ಎರಡು ದಿನ ಮಲಗಿ, ಮೂರನೆಯ ದಿನ ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿದುಕೊಂಡು ಭಾವ ಕೆಲಸಕ್ಕೆ ಬಂದರು. ಅವರಿಲ್ಲದೆ ನನಗೆ ಕೈ ಮುರಿದಂತಾಗಿತ್ತು. ಅದಕ್ಕೇ ನಾನೂ ಬೇಡ ಎನ್ನಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಭಾವ ನಗುತ್ತಾ ಬಂದು ನೋವು ಮಂಗಮಾಯ ಎಂದರು. ಕೂರುವ ಜಾಗ ಮಾತ್ರ ಜೋಮು ಹಿಡಿದಂತಿದೆ, ಬೆಲ್ಟ್ ಬಿಗಿಯಾಗಿರಬೇಕು ಎಂದು ಒಂದು ತೂತು ಸಡಿಲಿಸಿದರು. ಮಧ್ಯಾಹ್ನ ಮೆಟ್ಟಿಲ ಮೇಲೆ ಅವರ ಚಪ್ಪಲಿ ಕಳಚಿ ಬಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ವಯಸ್ಸಾಯಿತು ಭಾವ ಎಂದು ಛೇಡಿಸಿದೆ. ನಾಲ್ಕು ಗಂಟೆಗೆ ಅವರ ಎರಡೂ ಕಾಲು ಸೋಲತೊಡಗಿದ್ದರಿಂದ ಮನೆಗೆ ಕರೆತಂದೆ.

ಅಕ್ಕ ಬೆಲ್ಟ್ ಬಿಚ್ಚಿ ನೋಡಿದಳು. ಕೆಳಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು.

"ರೀ, ಒಂದಕ್ಕೆ ಹೋಗಿದ್ದು ಯಾವಾಗ?"

ಭಾವ ಯೋಚಿಸಬೇಕಾಯಿತು. ನಿನ್ನೆ ಸಂಜೆ ಇರಬೇಕು, ಅದರಲ್ಲೇನು ದೊಡ್ಡ ವಿಷಯ ಎಂದರು. ಅಕ್ಕ ಆಗಲೇ ಹೋಗಿ ಬರಲು ಕಳಿಸಿದಳು. ಗೋಡೆ ಹಿಡಿದುಕೊಂಡು ಹೋದವರು ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದರು. ಮುಖದಲ್ಲಿ ರಕ್ತವಿರಲಿಲ್ಲ.

"ಬರ್ತಾನೇ ಇಲ್ಲ. ಬರಬೇಕು ಅಂತಾನೂ ಅನ್ನಿಸ್ತಿಲ್ಲ."

ನೀರು ಕುಡಿದು ಮಲಗಲಿ, ನಾಳೆ ನೋಡೋಣ ಎಂದೆ. ನಾನು ಅಷ್ಟು ದಡ್ಡ.

"ನೀನು ಸುಮ್ನಿರು. ವ್ಯಾನ್ ತೆಗಿ," ಎಂದು ಅಕ್ಕ ಕಡ್ಡಿ ಮುರಿದಂತೆ ಹೇಳಿದಳು.

ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರಮ್ಮ ನಾವು ನಾಚಿಕೊಳ್ಳುವುದನ್ನೆಲ್ಲ ನಾಚದೆ ಕೇಳಿದರು. ಕೂರುವ ಜಾಗದಲ್ಲಿ ಹತ್ತಿಯಿಂದ ಮುಟ್ಟಿದರು. ಭಾವನಿಗೆ ತಿಳಿಯಲಿಲ್ಲ. ಸ್ಕ್ಯಾನ್ ಮಾಡಿಸಿ ಚಿತ್ರ ತೋರಿಸಿದರು: ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ, ಕೆಳಗಿನ ನರಗಳ ಗೊಂಚಲನ್ನೇ ಒತ್ತುತ್ತಿತ್ತು.

"ಬರೀ ಸೊಂಟನೋವಾದ್ರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ಇಳಿಯುತ್ತೆ. ಆದ್ರೆ ಕೂರೋ ಜಾಗ ಮರಗಟ್ಟಿದ್ರೆ, ಒಂದು ಎರಡು ಹಿಡಿತ ತಪ್ಪಿದ್ರೆ, ಕಾಲು ಸೋತ್ರೆ ಒಂದು ಗಂಟೆನೂ ಕಾಯಬಾರದು. ನೋವು ವಾಸಿಯಾಗಿರ್ಲಿಲ್ಲ, ನರಗಳೇ ಕೆಲಸ ನಿಲ್ಲಿಸಿದ್ವು."

ಆ ರಾತ್ರಿಯೇ ಆಪರೇಷನ್ ಆಯಿತು. ಬೆಳಗ್ಗೆಯೇ ಬಂದಿದ್ದರೆ ಎಂದು ನಾನು ಕೇಳಿದೆ. ಎಷ್ಟು ಬೇಗ ಬಂದಿದ್ದರೆ ಅಷ್ಟು ಒಳ್ಳೆಯದಿತ್ತು ಎಂದರು ಡಾಕ್ಟರಮ್ಮ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾರಿಡಾರಿನಲ್ಲಿ ನಿಂತು ಅತ್ತೆ.

ಕಾಲುಗಳಿಗೆ ಬಲ ಬಂತು. ಮೂತ್ರದ ಹಿಡಿತ ಮಾತ್ರ ಮರಳಲಿಲ್ಲ. ಮರಳಬಹುದು, ಮರಳದೆಯೂ ಇರಬಹುದು ಎಂದರು. ಸಣ್ಣ ನಳಿಕೆ ತೂರಿಸಿ ಮೂತ್ರ ತೆಗೆಯುವುದನ್ನು ನರ್ಸ್ ಕಲಿಸಿದರು. ದಿನಕ್ಕೆ ಐದು ಸಲ, ಹೊತ್ತಿಗೆ ಸರಿಯಾಗಿ.

ನಾಲ್ಕು ತಿಂಗಳಾದ ಮೇಲೆ ಭಾವ ವ್ಯಾನ್ ಹತ್ತಿದರು, ಭಾರ ಎತ್ತಲು ಅಲ್ಲ, ಸಾಮಾನಿನ ಪಟ್ಟಿ ನೋಡಿಕೊಳ್ಳಲು. ಮೊದಲ ಮನೆಯಲ್ಲೇ ಅವರ ನಳಿಕೆಯ ಹೊತ್ತಾಯಿತು. ಪುಟ್ಟ ಚೀಲ ಹಿಡಿದು ಮನೆಯೊಡತಿಯ ಮುಂದೆ ನಿಂತರು. ಕಿವಿ ಕೆಂಪಾಗಿತ್ತು.

"ಅಮ್ಮಾ, ಒಂದ್ಸಲ ಬಾತ್‌ರೂಮ್ ಬೇಕಿತ್ತು."

"ಅದಕ್ಕೇನಂತೆ, ಅಲ್ಲೇ ಎಡಗಡೆ ಇದೆ, ಹೋಗಿ," ಎಂದು ಆಕೆ ಪಾತ್ರೆ ಕಟ್ಟುವುದನ್ನು ಮುಂದುವರಿಸಿದರು.

ನಾನು ಬೀರುವಿಗೆ ಕೈಯಾನಿಸಿ ಅಲ್ಲೇ ನಿಂತುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ನಾವು ಒಬ್ಬರನ್ನೂ ಕೇಳಿ ನೋಡಿರಲಿಲ್ಲ.