ಅಮೆರೊಲ್ ತುಂಬಿದ ಎಲೆ

ಅಮೆರೊಲ್‌ನಂಥ ಮೊಂಡನನ್ನು ನಮ್ಮ ತುಗಾಯ ಊರಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ಅವನ ಮನೆಯೆದುರೇ ನನ್ನ ಕಾಫಿ ಅಂಗಡಿ. ಮೂವತ್ತು ವರ್ಷದಿಂದ ಬೆಳಗಾದರೆ ಅದೇ ಮುಖ, ನನ್ನ ಗ್ರಹಚಾರ! ಹಳೇ ಕತ್ತಿ ದುರಸ್ತಿ ಮಾಡೋ ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಹಳೇ ಕ್ರಿಸ್ ಕತ್ತಿ ಕೊಟ್ಟರೆ ಅದರ ಬಳುಕು ಅಲಗಿಗೆ ನಿಂಬೆರಸ ಸವರಿ, ಉಕ್ಕಿನ ಗೆರೆ ಎದ್ದು ಕಾಣುವ ತನಕ ಕಾದು, "ಅಲಗು ಮುತ್ತಜ್ಜನ ಕಾಲದ್ದು, ಹಿಡಿ ಆಮೇಲಿಂದು, ಈ ಬೆಳ್ಳಿ ನಿನ್ನೆ ಮೊನ್ನೇದು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ. ಅವನ ಬಾಯಲ್ಲಿ ಸುಳ್ಳು ಬಂದದ್ದಿಲ್ಲ.

ಆ ನಿನ್ನೆ ಮೊನ್ನೆಯ ಬೆಳ್ಳಿಯೆಲ್ಲ ಅವನ ತಮ್ಮ ಕೊಸಾಯಿನ್‌ನ ಕೈಕೆಲಸ. ಮೊದಲು ಇಬ್ಬರೂ ಜೊತೆಗೇ ಕೂತು ಕತ್ತಿಯ ಹಿಡಿಗಳ ಮೇಲೆ ಎಲೆಬಳ್ಳಿ ಕೊರೆದು ಬೆಳ್ಳಿತಂತಿ ಕೂರಿಸುತ್ತಿದ್ದರು. ತಮ್ಮನಿಗೆ ತಾಳ್ಮೆ ಕಡಿಮೆ. ಕೊನೆಯ ಎಲೆಗೆ ಗೆರೆ ಕೊರೆದು, "ಅಣ್ಣಾ, ಇದೊಂದು ನೀನೇ ತುಂಬು" ಅಂತ ಓಡಿಬಿಡುತ್ತಿದ್ದ. ಇವನು ಬೈದುಕೊಂಡೇ ತುಂಬುತ್ತಿದ್ದ.

ಆಮೇಲೆ ಪರವೂರಿನ ಗಿರಾಕಿಗಳಿಗೆ ಹೊಳಪು ಬೇಕು ಅಂತ ಕೊಸಾಯಿನ್ ಹಳೇ ಅಲಗುಗಳನ್ನೂ ಕೊರೆಯತೊಡಗಿದ. ಅಜ್ಜನ ಕತ್ತಿಯನ್ನೂ ಬಿಡಲಿಲ್ಲ.

"ಅಜ್ಜನ ಮೈಮೇಲೆ ಗೀಚಿದೆಯಲ್ಲೋ! ನೀನು ನನ್ನ ತಮ್ಮನೇ ಅಲ್ಲ, ನಡಿ ಆಚೆ!"

ಹದಿನೆಂಟು ವರ್ಷ ಮಾತಿಲ್ಲ. ತಮ್ಮ ಅಲ್ಲಿ ದೋಣಿಕಟ್ಟೆಯ ಹತ್ತಿರ ಬೆಳ್ಳಿ ಕೂರಿಸೋದು, ಅಣ್ಣ ಇಲ್ಲಿ ಕೀಳೋದು. "ಕೊಸಾಯಿನ್ ಕೈ ಬಿದ್ದ ಕತ್ತಿ ಇದ್ರೆ ತನ್ನಿ, ಒಂದನ್ನೂ ಉಳಿಸಲ್ಲ" ಅಂತ ಊರಿಗೆಲ್ಲ ಸಾರಿದ್ದ.

ಹೋದ ವರ್ಷ ಕೊಸಾಯಿನ್ ತೀರಿಕೊಂಡ. ಅಮೆರೊಲ್ ಮಣ್ಣಿಗೆ ಹೋಗಿ ಬಂದು ನನ್ನ ಅಂಗಡಿಯಲ್ಲಿ ಕಾಫಿ ಕುಡಿದ.

ತಿಂಗಳಾದ ಮೇಲೆ ನೊರಾಯ್ಸಾ ಅನ್ನೋ ಹೆಂಗಸು ಮನೆತನದ ಕತ್ತಿ ತಂದಳು. ಮಗನ ಮದುವೆಗೆ ಹೆಣ್ಣಿನ ಕಡೆಗೆ ಕೊಡಬೇಕಾದದ್ದು.

"ನಮ್ಮ ಮಾವ ಇದನ್ನ ಕೊಸಾಯಿನ್ ಕೈಗೆ ಕೊಟ್ಟು ಕೆಡಿಸಿದ್ರು. ಅವನ ಮನೆಯಿಂದ ಈಗ ತಂದೆ. ಬೀಗರು ನಗ್ತಾರೆ, ಬೆಳ್ಳಿ ತೆಗೆದುಕೊಡಣ್ಣ" ಅಂದಳು.

ಅವಳು ಹೋದ ಮೇಲೆ ಅವನು ನನ್ನನ್ನು ಕರೆದ. ಅಲಗಿನ ಬುಡದಿಂದ ಹೊರಟ ಬಳ್ಳಿಯ ಕೊನೆಯ ಎಲೆಯಲ್ಲಿ ಗೆರೆ ಮಾತ್ರ ಇತ್ತು, ಬೆಳ್ಳಿ ಇರಲಿಲ್ಲ.

"ತುಂಬೋಷ್ಟರಲ್ಲಿ ಜೀವ ಹೋಯ್ತೇನೋ, ಪಾಪ" ಅಂದೆ.

"ಅಲ್ಲ ಕಣೇ. ಮಿಕ್ಕಿದ್ದೆಲ್ಲ ಉಜ್ಜಿ ಹೊಳಪು ಕೊಟ್ಟಿದ್ದಾನೆ. ಬೆಳ್ಳಿ ಪೂರ್ತಿ ತುಂಬಿದ ಮೇಲೇ ಉಜ್ಜೋದು" ಅಂದ. "ಇದನ್ನ ನನಗೇ ಅಂತ ಬಿಟ್ಟಿದ್ದಾನೆ."

ತಂತಿ ತಗೊಂಡು ಆ ಒಂದೆಲೆ ತುಂಬಿದ. ಸುತ್ತಿಗೆ ಕೆಳಗಿಟ್ಟು ಗೊಳೋ ಅಂತ ಅತ್ತ.

ನೊರಾಯ್ಸಾ ಬಂದವಳೇ, "ಅಯ್ಯೋ, ತೆಗೆದೇ ಇಲ್ವಲ್ಲ!" ಅಂದಳು.

"ಬರಲ್ಲಮ್ಮ. ಕಿತ್ರೆ ಅಲಗು ಸೀಳಿಹೋಗುತ್ತೆ."

ಅಮೆರೊಲ್ ಹೇಳಿದ ಮೇಲೆ ಮುಗೀತು, ಅವಳು ನಂಬಿ ಕತ್ತಿ ತಗೊಂಡು ಹೋದಳು. ಅಂಥ ಬೆಳ್ಳಿಯನ್ನು ಅವನು ನೂರಾರು ಅಲಗುಗಳಿಂದ ಕಿತ್ತದ್ದು ನಾನೇ ನೋಡಿದ್ದೇನೆ.

ಈಗ ಅವನ ಮನೆಗೆ ಯಾರು ಬಂದರೂ ಒಂದೇ ಪ್ರಶ್ನೆ: "ನಿಮ್ಮನೇಲಿ ಕೊಸಾಯಿನ್ ಕೆಲಸದ್ದು ಏನಾದ್ರೂ ಇದೆಯಾ? ಒಂದ್ಸಲ ತೋರಿಸ್ತೀರಾ?"

ಊರಲ್ಲಿ ಮನೆಮನೆಗೂ ಇದೆ. ಇವನು ಕಿತ್ತು ಹಾಕ್ತಾನೆ ಅಂತ ಎಲ್ಲರೂ ಬಚ್ಚಿಟ್ಟುಕೊಂಡು, ಇಲ್ಲಪ್ಪ ಅಂತಾರೆ.